ಗಾಡಿಯ ಹರಟೆ: ಒಂದೊಂದು ಗೋಲಿನ ಸಾಲ

ಹೋದ ಸಂಚಿಕೆಯಲ್ಲಿ ನಾವು ಡೊಂಬಿವಲಿ ಪೇಟೆಯ ಹೀರೇಕಾಯಿಯ ಬೆಲೆಯನ್ನು ಕುರಿತು ಎರಡು ಪುಟ ಬರೆದುದನ್ನು ಓದಿ, ವಾಚಕ ಮಹಾಶಯರೊಬ್ಬರು "ನಿಮ್ಮ ಗಾಡಿಯಲ್ಲಿ ತರಕಾರಿಯ ಹೊರತು ಬೇರೆ ಮಾತೇ ಇಲ್ಲವೆ?" ಎಂದು ಕಾಗದ ಬರೆದಿದ್ದಾರೆ. ಉಂಟು, ಸ್ವಾಮಿ. 2025ರ ಜೂನ್ ತಿಂಗಳಿಡೀ ನಮ್ಮ ಗಾಡಿಯಲ್ಲಿ ನಡೆದದ್ದು ಹಾಕಿ ಆಟದ ಮಾತು. ಅದೂ ಗೆದ್ದ ಮಾತಲ್ಲ, ಸೋತ ಮಾತು. ಗೆದ್ದುದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಸೋತುದನ್ನು ಮಾತಾಡಲು ಡೊಂಬಿವಲಿಯಿಂದ ಬೋರಿಬಂದರದವರೆಗಿನ ದಾರಿಯೂ ಸಾಲದು.

(ನಾವು ಎಂದು ಬರೆಯುವುದು ಈ ಅಂಕಣದ ಪದ್ಧತಿ. ಕಛೇರಿಯಲ್ಲಿ ನಮ್ಮನ್ನು ಯಾರೂ ಬಹುವಚನದಲ್ಲಿ ಕರೆಯುವುದಿಲ್ಲವೆಂಬುದನ್ನು ಹೊಸ ವಾಚಕರ ಗಮನಕ್ಕೆ ತರುತ್ತೇವೆ.)

ನಮ್ಮ ಡಬ್ಬಿಯ ಕನ್ನಡ ಕೂಟಕ್ಕೆ ಖಾಯಂ ಸದಸ್ಯರು ನಾಲ್ವರು. ಉಡುಪಿ ಕಡೆಯ ಅಣ್ಣನವರು. ಕೋಟೆಯ ಬಳಿ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಾರೆ. ಧಾರವಾಡದ ಮಾಸ್ತರರು, ದಾದರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಮೈಸೂರಿನ ರಾಯರು, ವಿಮೆಯ ವ್ಯವಹಾರ. ನಾಲ್ಕನೆಯವರು ನಾವು. ಮೂವರಿಗೆಂದು ಮಾಡಿದ ಆಸನದಲ್ಲಿ ನಾಲ್ಕನೆಯ ಜಾಗವೂ ನಮ್ಮದೇ. ಅರ್ಧ ದೇಹ ರೈಲ್ವೆಯವರಿಗೆ ಸೇರಿದ್ದು, ಉಳಿದರ್ಧ ಗಾಳಿಗೆ.

ಆ ತಿಂಗಳು ಶುರುವಾದದ್ದು ಸಿಹಿಯಿಂದಲೇ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡವು ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟು ವರ್ಷ ಕಾದ ಕಪ್ಪನ್ನು ಮೊದಲ ಸಲ ಕೈಗೆತ್ತಿಕೊಂಡಿತು. ಮರುದಿನ ಬೆಳಿಗ್ಗೆ ರಾಯರು ಡಬ್ಬಿಯಲ್ಲಿದ್ದವರಿಗೆಲ್ಲ, ಮರಾಠಿಯವರು ಗುಜರಾತಿಯವರೆನ್ನದೆ, ಮೈಸೂರು ಪಾಕು ಹಂಚಿದರು. ಅದೇ ಸಂಜೆ ಹಿಂದಿರುಗುವ ಗಾಡಿಯಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಜನ ಸತ್ತ ಸುದ್ದಿ ಬಂತು. ಹನ್ನೊಂದು ಮಂದಿ. ರಾಯರ ಚೀಲದಲ್ಲಿ ಒಂದು ಪೊಟ್ಟಣ ಉಳಿದಿತ್ತು, ಅದನ್ನು ಯಾರೂ ಬಿಚ್ಚಲಿಲ್ಲ. ಅಂದಿನಿಂದ ನಮ್ಮ ಕೂಟದಲ್ಲಿ ಕ್ರಿಕೆಟ್ಟಿನ ಮಾತು ತಾನಾಗಿಯೇ ನಿಂತುಹೋಯಿತು.

ಆ ಖಾಲಿ ಜಾಗಕ್ಕೆ ಬಂದು ಕುಳಿತದ್ದು ಹಾಕಿ. ವಾಚಕರಲ್ಲಿ ಆಟದ ಗೋಜಿಗೆ ಹೋಗದವರೂ ಇದ್ದಾರಾದ್ದರಿಂದ ಸ್ವಲ್ಪ ಹೇಳಬೇಕು. ಪ್ರೊ ಲೀಗ್ ಎಂಬುದು ಒಂಬತ್ತು ದೇಶಗಳ ತಂಡಗಳು ವರ್ಷವೆಲ್ಲ ಊರೂರು ಸುತ್ತಿ ಆಡುವ ಪಂದ್ಯಾವಳಿ. ಪ್ರತಿ ತಂಡಕ್ಕೆ ಹದಿನಾರು ಪಂದ್ಯ, ಗೆದ್ದರೆ 3 ಅಂಕ, ಸಮವಾದರೆ 1. ಕೊನೆಗೆ ಬಂದವರು ಕೆಳಗಿನ ದರ್ಜೆಗೆ ಇಳಿಯಬೇಕು. ಹಿಂಬಡ್ತಿ ಎಂದರೆ ನಮ್ಮಂಥವರಿಗೆ ಬೇಗ ತಿಳಿದೀತು. ನಮ್ಮ ಗಂಡಸರ ತಂಡ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಎಂಟು ಪಂದ್ಯವಾಡಿ ಐದನ್ನು ಗೆದ್ದು, 15 ಅಂಕ ಗಳಿಸಿ, ಮೂರನೆಯ ಸ್ಥಾನದಲ್ಲಿ ನಿಂತು ಯೂರೋಪಿಗೆ ಹೊರಟಿತ್ತು. ಹಿಂದಿನ ವರ್ಷ, 2024ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನಲ್ಲಿ ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ತಂದ ತಂಡವೇ. ಹೀಗಿರಲು ನಾವು ನಾಲ್ವರೂ ತಿಂಗಳ ಚಂದಾ ಕೊಟ್ಟು ಫೋನಿನಲ್ಲಿ ಪಂದ್ಯ ನೋಡುವ ಏರ್ಪಾಡು ಮಾಡಿಕೊಂಡುದರಲ್ಲಿ ತಪ್ಪೇನಿದೆ?

ಜೂನ್ 7ರಂದು ಹಾಲೆಂಡಿನ ಆಮ್ಸ್ಟೆಲ್ವೀನಿನಲ್ಲಿ ಮೊದಲ ಪಂದ್ಯ. ಮೊದಲು ಗೋಲು ಹೊಡೆದವರು ನಾವೇ. ಅವರು ಸಮ ಮಾಡಿದರು. ಇನ್ನೆರಡು ನಿಮಿಷವಿದೆಯೆನ್ನುವಾಗ ಅವರದೇ ಎರಡನೆಯ ಗೋಲು. 1-2. "ಇರಲಿ, ಪರಸ್ಥಳ" ಎಂದರು ರಾಯರು.

ಮುಂದಿನ ಪಂದ್ಯ ಸೋಮವಾರ, 9ನೆಯ ತಾರೀಖು. ಅಂದು ಬೆಳಿಗ್ಗೆ ಮುಂಬ್ರಾ ನಿಲ್ದಾಣದ ಬಳಿ, ತಿರುವಿನಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಹಾಯುವಾಗ ಬಾಗಿಲಲ್ಲಿ ಜೋತು ನಿಂತಿದ್ದವರು ಕೆಳಗೆ ಬಿದ್ದರು. ಅಂದೇ ನಾಲ್ಕು ಜೀವ ಹೋಯಿತು. ನಾವು ಹತ್ತಿದ್ದು ಅದಕ್ಕಿಂತ ಮುಂಚಿನ ಗಾಡಿ. ಒಂದು ಲೋಟ ಕಾಫಿ ತಡವಾಗಿದ್ದರೆ ಎಂಬ ಲೆಕ್ಕವನ್ನು ನಾವು ಮಾಡಲಿಲ್ಲ, ನಮ್ಮ ಮನೆಯಾಕೆ ಮಾಡಿದಳು. ಕಛೇರಿಗೆ ಐದು ಸಲ ಫೋನು ಬಂತು. ರಾತ್ರಿ ಪಂದ್ಯವನ್ನು ಯಾರೂ ನೋಡಲಿಲ್ಲ. 2-3ರಿಂದ ಸೋತೆವೆಂಬುದು ಮರುದಿನ ತಿಳಿಯಿತು. ಮರುದಿನವೂ ಬಾಗಿಲಲ್ಲಿ ಅಷ್ಟೇ ಜನ ಜೋತು ನಿಂತಿದ್ದರು. ನಿಲ್ಲದೆ ಎಲ್ಲಿಗೆ ಹೋದಾರು?

ಆಮೇಲಿನದು ಒಂದೇ ರಾಗ. ಅರ್ಜೆಂಟೀನದ ಎದುರು 3-4, ಮರುದಿನ 1-2. ಅಲ್ಲಿಂದ ಬೆಲ್ಜಿಯಮ್ಮಿನ ಆಂಟ್‌ವರ್ಪಿಗೆ ಹೋಗಿ ಆಸ್ಟ್ರೇಲಿಯದ ಎದುರು 2-3, ಮತ್ತೆ 2-3. ಜೂನ್ 21ರಂದು ಬೆಲ್ಜಿಯಂ ಎದುರು 3-6. ಒಟ್ಟು ಏಳು, ಒಂದರ ಬೆನ್ನಿಗೊಂದು.

ಮಾಸ್ತರರು ತಮ್ಮ ಪಾಸಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೂಡಿದರು. "ನೋಡ್ರಿ, ಹೊಡೆದದ್ದು ಹದಿನಾಲ್ಕು, ತಿಂದದ್ದು ಇಪ್ಪತ್ಮೂರು. ವ್ಯತ್ಯಾಸ ಒಂಬತ್ತು. ಅದರಾಗ ಮೂರು ಕಡೀ ಪಂದ್ಯದ್ದು, ಬಿಟ್ಟುಬಿಡ್ರಿ. ಉಳಿದ ಆರೂ ಪಂದ್ಯ ಒಂದೊಂದೇ ಗೋಲಿನಿಂದ ಹೋಗ್ಯಾವ. ಆರು ಗೋಲು, ಬರೇ ಆರು, ಸರಿಯಾದ ವ್ಯಾಳ್ಯಾಕ್ಕ ಬಿದ್ದಿದ್ರ ಆರು ಅಂಕ ಕಿಸೆದಾಗ ಇರತಿದ್ವು!"

"ನಮ್ಮ ಹೋಟೆಲಿನಲ್ಲಿಯೂ ಹಾಗೆಯೇ ಮಾರಾಯ್ರೆ," ಎಂದರು ಅಣ್ಣನವರು. "ದಿನಕ್ಕೆ ಒಂದು ಇಡ್ಲಿ ಲೆಕ್ಕ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ವರ್ಷದ ಕೊನೆಗೆ ಧಣಿ ನನ್ನ ಮುಖ ನೋಡುತ್ತಾರೆ."

ಕಾರಣವೇನೆಂಬುದರಲ್ಲಿ ಮಾತ್ರ ನಾಲ್ವರಲ್ಲಿ ಐದು ಅಭಿಪ್ರಾಯ. ರಾಯರ ಮತದಂತೆ ಎಲ್ಲಕ್ಕೂ ಮೂಲ ಶ್ರೀಜೇಶನ ನಿವೃತ್ತಿ. ಪ್ಯಾರಿಸ್ಸಿನ ಕಂಚಿನೊಡನೆ ಆ ಕೇರಳದ ಗೋಲ್‌ಕೀಪರ್ ಆಟ ಬಿಟ್ಟನಷ್ಟೆ. ಬಾಗಿಲು ಕಾಯುವವನು ಹೋದ ಮನೆಗೆ ಕಳ್ಳರು ಬರದಿರುತ್ತಾರೆಯೆ ಎಂಬುದು ಅವರ ವಾದ. ಇದಕ್ಕೆ ಅಣ್ಣನವರು ಕೆರಳಿದರು. ಏಕೆಂದರೆ ಶ್ರೀಜೇಶನ ತರುವಾಯ ಬಾಗಿಲು ಕಾದವರು ಕೃಷನ್ ಪಾಠಕ್ ಮತ್ತು ಸೂರಜ್ ಕರ್ಕೇರ, ಇಬ್ಬರು. ಕರ್ಕೇರ ನಮ್ಮ ಮುಂಬಯಿಯ ಹುಡುಗ. ಹೆಸರು ಕೇಳಿದರೆ ಸಾಕು, ತುಳುನಾಡಿನವರ ಕಿವಿ ನಿಮಿರುತ್ತದೆ. "ಗೋಲ್‌ಕೀಪರ್ ಎದುರು ಮೂರು ಜನ ಬಿಟ್ಟುಕೊಂಡು ಅವನನ್ನು ಬೈದರೆ ಹೇಗೆ? ಎದುರಿನವರು ಎಂತ ಮಾಡುತ್ತಿದ್ದರು?" ಎಂದು ಕುರ್ಲಾದಿಂದ ಭಾಯಖಳೆಯವರೆಗೆ ಅಣ್ಣನವರೊಬ್ಬರೇ ಮಾತಾಡಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ.

ನಮ್ಮ ಅಭಿಪ್ರಾಯ ಬೇರೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ನಾಯಕ ಹರ್ಮನ್‌ಪ್ರೀತ್ ಸಿಂಗ್ ಚೆಂಡನ್ನು ಕೋಲಿಗೆ ತಾಗಿಸಿ ಎಳೆದು ಬೀಸಿ ಗೋಲಿಗೆ ತಳ್ಳಬೇಕು, ಉಳಿದವರು ಕೋಲೆತ್ತಿ ಕುಣಿಯಬೇಕು: ಪ್ಯಾರಿಸ್ಸಿನಲ್ಲಿ ಆತನೊಬ್ಬನೇ ಹತ್ತು ಗೋಲು ಹೊಡೆದ. ಈ ಸಲ ಪ್ರವಾಸದ ನಡುವೆ ಆತನ ಬೆರಳಿಗೆ ಪೆಟ್ಟಾಗಿ ಕೆಲವು ಪಂದ್ಯ ಹೊರಗೆ ಕೂರಬೇಕಾಯಿತು. ಇಡೀ ವಿಭಾಗದ ಕೆಲಸವನ್ನು ಒಬ್ಬ ಗುಮಾಸ್ತನ ಮೇಜಿನ ಮೇಲೆ ಪೇರಿಸಿ, ಆತ ರಜೆ ಹಾಕಿದ ದಿನ ಕಡತ ಸಿಗುತ್ತಿಲ್ಲವೆಂದು ಬೊಬ್ಬೆ ಹಾಕುವುದನ್ನು ನಾವು ಹತ್ತು ವರ್ಷದಿಂದ ನೋಡುತ್ತಿದ್ದೇವೆ. ಈ ನಾಯಕನೂ ಪಂಜಾಬ್ ಪೊಲೀಸಿನ ಅಧಿಕಾರಿ, ಎಂದರೆ ಸರ್ಕಾರಿ ನೌಕರನೇ. ನಮ್ಮ ಸಹಾನುಭೂತಿ ಯಾರ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

ಭಾನುವಾರ ಗಾಡಿಯಿಲ್ಲವಾದ್ದರಿಂದ ಅಂದಿನ ಸಭೆ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಕೊಡಗಿನ ನಿವೃತ್ತ ಸುಬೇದಾರರ ಮನೆಯಲ್ಲಿ. ಸುಬೇದಾರರು ಹೆಚ್ಚು ಮಾತಿನವರಲ್ಲ. ನಾವು ಆಮ್ಸ್ಟೆಲ್ವೀನಿನ ಎರಡು ಸೋಲುಗಳ ಕಥೆ ಹೇಳಿ ಮುಗಿಸಿದ ಮೇಲೆ, "ಆ ಮೈದಾನ ನಮಗೆ 1973ರಿಂದ ಬಾಕಿ ಇದೆ" ಎಂದರು.

ಅವರಿಗೆ ಆಗ ಹದಿನೇಳು. ಮಡಿಕೇರಿಯಲ್ಲಿ ಸೋದರಮಾವನ ಮನೆಯ ರೇಡಿಯೋದ ಸುತ್ತ ಇಪ್ಪತ್ತು ಜನ. ಅದೇ ಆಮ್ಸ್ಟೆಲ್ವೀನಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ, ಎದುರಾಳಿ ಅದೇ ಹಾಲೆಂಡ್. ನಮ್ಮ ನಾಯಕ ಕೊಡಗಿನ ಎಂ. ಪಿ. ಗಣೇಶ್. ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದ, ಅವರೂ ಎರಡು ಹೊಡೆದು 2-2 ಆಯಿತು. ಹೆಚ್ಚುವರಿ ಸಮಯದಲ್ಲಿ ನಮಗೊಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆದರೆ ಕಪ್ಪು ನಮ್ಮದು. ಹೊಡೆಯಲು ನಿಂತವನೂ ಕೊಡಗಿನವನೇ, ಬಿ. ಪಿ. ಗೋವಿಂದ. ಆಗಲಿಲ್ಲ. ಬಳಿಕ ಸ್ಟ್ರೋಕುಗಳ ಸ್ಪರ್ಧೆಯಲ್ಲಿ 4-2ರಿಂದ ಹಾಲೆಂಡ್ ಗೆದ್ದಿತು.

"ಮಾವ ರೇಡಿಯೋ ಆರಿಸಲಿಲ್ಲ," ಎಂದರು ಸುಬೇದಾರರು. "ಕಾರ್ಯಕ್ರಮ ಮುಗಿದು ಬೇರೇನೋ ಹಾಡು ಬಂತು. ಅದನ್ನೂ ಕೇಳುತ್ತಾ ಕೂತಿದ್ದೆವು. ಗೋವಿಂದನನ್ನು ಬೈದವರೂ ಇದ್ದರು. ಎರಡು ವರ್ಷಕ್ಕೆ, 1975ರಲ್ಲಿ, ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು ಸೋಲಿಸಿ ಕಪ್ಪು ತಂದ ತಂಡದಲ್ಲಿ ಅವನೂ ಇದ್ದ. ಆಗ ಬೈದವರೇ ಸಿಹಿ ಹಂಚಿದರು."

ಆ ರಾತ್ರಿ, ಜೂನ್ 22ರಂದು, ಬೆಲ್ಜಿಯಮ್ಮಿನ ಎದುರು ಕೊನೆಯ ಪಂದ್ಯ. ಸುಬೇದಾರರ ಮನೆಯ ದೊಡ್ಡ ಟಿವಿಯಲ್ಲಿ ನೋಡಿದೆವು. 3-3 ಆಗಿ, ಇದೂ ಹೋಯಿತೆಂದು ರಾಯರು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ನಮಗೊಂದು ಪೆನಾಲ್ಟಿ ಸ್ಟ್ರೋಕ್. ಹರ್ಮನ್‌ಪ್ರೀತ್ ಹೊಡೆದ. 4-3. ಸುಬೇದಾರರು ಒಂದು ಮಾತೂ ಆಡದೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ಕೊಡಗಿನ ಕಾಫಿ, ರಾತ್ರಿಯಿಡೀ ನಿದ್ದೆ ಬರಲಿಲ್ಲ. ಹದಿನಾರು ಪಂದ್ಯಕ್ಕೆ 18 ಅಂಕ. ಒಂಬತ್ತರಲ್ಲಿ ಎಂಟನೆಯ ಸ್ಥಾನ. ಹಿಂಬಡ್ತಿ ಐರ್ಲೆಂಡಿನ ಪಾಲಿಗೆ ಹೋಯಿತು.

ಇಷ್ಟಕ್ಕೇ ನಮ್ಮ ಹರಟೆ ಮುಗಿಯಬೇಕಾಗಿತ್ತು. ಆದರೆ ಜುಲೈ ಮೊದಲ ವಾರದಲ್ಲಿ ಒಂದು ಸಂಜೆ ನಾವು ಊಟಕ್ಕೆ ಕುಳಿತಾಗ ನಮ್ಮ ಮಗಳು, ಐದನೆಯ ತರಗತಿಯವಳು, "ಅಪ್ಪಾ, ಗಾಡಿಯಲ್ಲಿ ನಮ್ಮ ತಂಡದ ಬಗ್ಗೆ ಏನಂದರು?" ಎಂದು ಕೇಳಿದಳು.

"ಎಂಟನೆಯ ಸ್ಥಾನವಾದರೂ ಉಳಿಯಿತಲ್ಲ ಅಂದರು, ಮಗೂ."

"ಅದಲ್ಲ. ಹುಡುಗಿಯರ ತಂಡ."

ವಾಚಕರೇ, ನಾವು ಅನ್ನ ಕಲಸುತ್ತಾ ಕುಳಿತೆವು. ಒಂದು ತಿಂಗಳು, ದಿನಕ್ಕೆರಡು ಸಲ, ಒಂದೂಕಾಲು ಗಂಟೆಯಂತೆ ಹಾಕಿಯ ಮಾತಾಡಿದ ನಾಲ್ವರು ಗಂಡಸರಲ್ಲಿ ಒಬ್ಬರೂ ಅದರ ಹೆಸರೆತ್ತಿರಲಿಲ್ಲ. ಅದೇ ಪ್ರೊ ಲೀಗಿನಲ್ಲಿ, ಅದೇ ಜೂನಿನಲ್ಲಿ ನಮ್ಮ ಮಹಿಳಾ ತಂಡವೂ ಯೂರೋಪಿಗೆ ಹೋಗಿ ಸೋತಿತು; ಒಂಬತ್ತರಲ್ಲಿ ಒಂಬತ್ತನೆಯದಾಗಿ ಕೆಳಗಿನ ದರ್ಜೆಗೆ ಇಳಿಯಿತು. ಟೋಕಿಯೋದಲ್ಲಿ, 2021ರಲ್ಲಿ, ನಾಲ್ಕನೆಯ ಸ್ಥಾನ ಪಡೆದು ನಮ್ಮೆಲ್ಲರ ಕಣ್ಣಲ್ಲಿ ನೀರು ತರಿಸಿದ ತಂಡ. ಪ್ಯಾರಿಸ್ಸಿಗೆ ಹೋಗುವ ಅರ್ಹತೆಯೇ ಅದಕ್ಕೆ ಸಿಗಲಿಲ್ಲ. ನಮ್ಮವರು ಇಳಿಯಲಿಲ್ಲವೆಂದು ಕೊಡಗಿನ ಕಾಫಿ ಕುಡಿದು ಹಿಗ್ಗಿದೆವಲ್ಲ, ನಮ್ಮವರು ಇಳಿದಿದ್ದರು.

ಮಗಳಿಗೆ ಇದೆಲ್ಲ ಗೊತ್ತು. ಭಾನುವಾರದ ಕನ್ನಡ ತರಗತಿಗೆಂದು ಸಂಘದವರು ಕೊಟ್ಟ ಪುಸ್ತಕದ ಹಿಂಬದಿಯಲ್ಲಿ ಪಟ್ಟಿ ಹಾಕಿಟ್ಟಿದ್ದಾಳೆ, ಎಡಕ್ಕೆ ಗಂಡಸರದು, ಬಲಕ್ಕೆ ಹೆಂಗಸರದು. ಶಾಲೆಯಲ್ಲಿ ಹಾಕಿ ಆಡುವ ಹುಡುಗಿಯರು ಏಳು ಜನವಿದ್ದರಂತೆ, ಈಗ ನಾಲ್ವರು. ಇವಳೂ ಬಿಡುವ ಯೋಚನೆಯಲ್ಲಿದ್ದಳು. ಅವಳು ನಮಗೆ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಕೋಲು ಬೇಕೆಂದು ಸಂಕ್ರಾಂತಿಯಿಂದ ಕೇಳುತ್ತಿದ್ದಳು; ನಾವು 'ಪರಿಶೀಲನೆಯಲ್ಲಿದೆ' ಎಂಬ ಷರಾ ಬರೆದು ಕಡತವನ್ನು ಬದಿಗಿಟ್ಟಿದ್ದೆವು.

ಮರುದಿನ ಗಾಡಿಯಲ್ಲಿ ಈ ಪ್ರಶ್ನೆಯನ್ನು ಸಭೆಯ ಮುಂದಿಟ್ಟೆವು. ಮಾಸ್ತರರು ಪೆನ್ಸಿಲು ಕಿವಿಯ ಮೇಲಿಟ್ಟುಕೊಂಡರು. ರಾಯರು ಕಿಟಕಿಯಿಂದ ಹೊರಗೆ ನೋಡಿದರು. ಅಣ್ಣನವರೊಬ್ಬರು, "ಹೌದಲ್ಲ ಮಾರಾಯ್ರೆ, ಎಂತ ನಾಚಿಕೆ!" ಎಂದರು. ಠಾಣೆಯವರೆಗೆ ಯಾರೂ ಮಾತಾಡಲಿಲ್ಲ. ನಮ್ಮ ಕೂಟದ ಚರಿತ್ರೆಯಲ್ಲಿ ಇದು ದಾಖಲೆ.

ಮಗಳನ್ನು ಸುಬೇದಾರರ ಬಳಿಗೆ ಕರೆದುಕೊಂಡು ಹೋದವಳು ನಮ್ಮ ಮನೆಯಾಕೆ. ಅವರು ಬೋಧನೆ ಮಾಡಲಿಲ್ಲವಂತೆ. ತಮ್ಮೂರಿನ ಕೊಡವ ಕುಟುಂಬಗಳ ಹಾಕಿ ಹಬ್ಬದ ಮಾತು ಹೇಳಿದರಂತೆ: 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳ ತಂಡಗಳು ಆಡುವಷ್ಟಕ್ಕೆ ಬೆಳೆದದ್ದು, ಮನೆತನದ ತಂಡದಲ್ಲಿ ಹೆಣ್ಣುಮಕ್ಕಳೂ ಗಂಡಸರ ಜೊತೆಗೇ ಮೈದಾನಕ್ಕೆ ಇಳಿಯುವುದು. "ಸೋತ ಮನೆತನದವರು ಏನು ಮಾಡುತ್ತಾರೆ, ತಾತ?" ಎಂದು ಇವಳು ಕೇಳಿದಳಂತೆ. "ಊಟ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಬರುವ ವರ್ಷ ಹೆಸರು ಕೊಡುತ್ತಾರೆ" ಎಂದರಂತೆ ಅವರು.

ಕೋಲು ಬಂದಿದೆ. ಮೆಟ್ರೋ ಚಿತ್ರಮಂದಿರದ ಬಳಿಯ ಅಂಗಡಿಗಳಲ್ಲಿ ಮಾಸ್ತರರು ಚೌಕಾಸಿ ಮಾಡಿ ಕೊಡಿಸಿದರು. ಗಾಡಿಯಲ್ಲಿ ಅದನ್ನು ಮನೆಗೆ ತರುವಾಗ ನಾಲ್ಕನೆಯ ಸೀಟಿನ ನಮ್ಮ ಅರ್ಧಭಾಗವೂ ಹೋಯಿತು.

ಸೆಪ್ಟೆಂಬರ್ 7ರಂದು ಬಿಹಾರದ ರಾಜಗೀರಿನಲ್ಲಿ ಗಂಡಸರ ತಂಡ ಕೊರಿಯವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ಪನ್ನು ಗೆದ್ದು, ಜೊತೆಗೆ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಆ ವಿಶ್ವಕಪ್ಪು ನಿಗದಿಯಾದದ್ದು ಹಾಲೆಂಡ್ ಮತ್ತು ಬೆಲ್ಜಿಯಮ್ಮಿಗೇ ಎಂದು ಕೇಳಿ ಸುಬೇದಾರರು ತಲೆದೂಗಿದರು. ಗಾಡಿಯಲ್ಲಿ ಮತ್ತೆ ಮೈಸೂರು ಪಾಕು ಬಂತು. ಈ ಸಲ ಪೊಟ್ಟಣ ಉಳಿಯಲಿಲ್ಲ. ಒಂದು ವಾರದ ಮೇಲೆ, 14ರಂದು, ಚೀನಾದ ಹಾಂಗ್‌ಝೌನಲ್ಲಿ ಹೆಣ್ಣುಮಕ್ಕಳ ಏಷ್ಯಾ ಕಪ್ಪಿನ ಅಂತಿಮ ಪಂದ್ಯ. ಅಂದು ಭಾನುವಾರ. ಸುಬೇದಾರರ ಮನೆಯಲ್ಲಿ ನಾವು ನಾಲ್ವರೂ ಹಾಜರು, ಮಗಳೂ ಅವಳ ಮೂವರು ಗೆಳತಿಯರೂ ಮುಂದಿನ ಸಾಲಿನಲ್ಲಿ. 1-4ರಿಂದ ಸೋತೆವು. ಅಣ್ಣನವರು ಗೋಲ್‌ಕೀಪರಿನ ಪರವಾಗಿ ಮಾತಾಡಿದರು. ಮಗಳು ಪುಸ್ತಕ ತೆಗೆದು ಬಲಗಡೆಯ ಸಾಲಿನಲ್ಲಿ ಅಂಕಿ ಬರೆದಳು. ಆಮೇಲೆ ಮಾಸ್ತರರಿಗೆ ಕೊಟ್ಟು, ಕೂಡಿದ್ದು ಸರಿಯಿದೆಯೇ ನೋಡಿ ಎಂದಳು.