ಅರಣ್ಯದ ಹಾದಿಯಲ್ಲಿ ಓಟ

ಮುಂಬಯಿಯ ವಿದ್ಯಾರ್ಥಿಗೆ ಓಟವೆಂದೊಡನೆ ಎರಡೇ ಸಂದರ್ಭಗಳು ನೆನಪಿಗೆ ಬರುತ್ತವೆ. ಒಂದು, ನಿಲ್ದಾಣದ ಮೆಟ್ಟಿಲುಗಳನ್ನು ಧಾವಿಸಿ ಇಳಿದು ಲೋಕಲ್ ಗಾಡಿಯನ್ನು ಹಿಡಿಯುವುದು. ಇನ್ನೊಂದು, ವಾರ್ಷಿಕ ಕ್ರೀಡೋತ್ಸವದಲ್ಲಿ ನೂರು ಮೀಟರ್ ಓಡಿ ಬಹುಮಾನ ಪಡೆಯುವುದು. ಎರಡರಲ್ಲಿಯೂ ಗಡಿಯಾರವೇ ಯಜಮಾನ. ಆದರೆ ಗಡಿಯಾರದ ಆಜ್ಞೆಗೆ ಒಳಪಡದ ಮೂರನೆಯ ಓಟವೊಂದುಂಟು. ಅದು ಅರಣ್ಯದ ಹಾದಿಯ ಓಟ. ನಮ್ಮ ಕನ್ನಡ ಶಾಲೆಗಳ ಹುಡುಗರೂ ಹುಡುಗಿಯರೂ ವರ್ಷಕ್ಕೆ ಕೆಲವು ಸಲವಾದರೂ ಇದನ್ನು ಅಭ್ಯಾಸ ಮಾಡಬೇಕೆಂದೂ, ಆದರೆ ಅದನ್ನು ಎಂದಿಗೂ ಪಂದ್ಯವನ್ನಾಗಿ ಮಾರ್ಪಡಿಸಬಾರದೆಂದೂ ನನ್ನ ಅಭಿಪ್ರಾಯ.

ಈ ನಗರದಲ್ಲಿ ಅರಣ್ಯವೆಲ್ಲಿದೆ ಎಂದು ನೀವು ಕೇಳಬಹುದು. ಬೋರಿವಲಿ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಹೋದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು ಕಾಣುತ್ತದೆ. 100 ಚದರ ಕಿಲೋಮೀಟರಿಗೂ ಮಿಗಿಲಾದ ಈ ಕಾಡು ಬೋರಿವಲಿ, ಗೋರೆಗಾಂವ್, ಮುಲುಂಡ್, ಠಾಣೆಗಳ ನಡುವೆ ಹಬ್ಬಿದೆ. 1860ರ ವಿಹಾರ್ ಸರೋವರವೂ 1879ರ ತುಳಸಿ ಸರೋವರವೂ ಇದರ ಮಡಿಲಿನಲ್ಲಿಯೇ ಇದ್ದು ಇಂದಿಗೂ ನಗರಕ್ಕೆ ನೀರು ಕೊಡುತ್ತಿವೆ. ಹೆಬ್ಬಾಗಿಲಿನಿಂದ ಸುಮಾರು 6 ಕಿಲೋಮೀಟರ್ ಒಳಗೆ ಕನ್ಹೇರಿಯ ಗುಹೆಗಳಿವೆ. ಕೃಷ್ಣಗಿರಿ, ಎಂದರೆ ಕಪ್ಪು ಬೆಟ್ಟವೆಂಬ ಹೆಸರೇ ಕನ್ಹೇರಿಯಾಯಿತು. ಬೌದ್ಧ ಭಿಕ್ಷುಗಳು ಅಲ್ಲಿ ಕಗ್ಗಲ್ಲನ್ನು ಕೊರೆದು ನೂರಕ್ಕೂ ಹೆಚ್ಚು ಗುಹೆಗಳನ್ನೂ, ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಗಳನ್ನೂ ನಿರ್ಮಿಸಿದರು.

ಕಾಡಿನ ಓಟದಿಂದ ದೇಹಕ್ಕೆ ಆಗುವ ಲಾಭವನ್ನು ಮೊದಲು ಹೇಳುತ್ತೇನೆ. ಡಾಂಬರಿನ ಮೇಲೆ ಪ್ರತಿಯೊಂದು ಹೆಜ್ಜೆಯೂ ಹಿಂದಿನದರಂತೆಯೇ ಬೀಳುತ್ತದೆ. ಕಾಲು ದುಡಿಯುತ್ತಿದ್ದರೂ ಮನಸ್ಸು ಬೇರೆಲ್ಲೋ ಅಲೆಯಬಹುದು. ಮಣ್ಣಿನ ಕಾಲುದಾರಿಯಲ್ಲಿ ಹಾಗಲ್ಲ. ಇಲ್ಲಿ ಬೇರು, ಅಲ್ಲಿ ಉರುಳುಗಲ್ಲು, ಮುಂದೆ ತೇಗದ ಒಣ ಎಲೆಗಳ ಕೆಳಗೆ ಅಡಗಿದ ಕುಳಿ. ಹೆಜ್ಜೆಯನ್ನು ಚಿಕ್ಕದಾಗಿಸಿ, ದೃಷ್ಟಿಯನ್ನು ಮೂರು ನಾಲ್ಕು ಮಾರು ಮುಂದಿಟ್ಟು ಓಡಬೇಕಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸೋಮಾರಿಗಳಾಗಿರುವ ಹಿಮ್ಮಡಿಯ ಸಣ್ಣ ಸ್ನಾಯುಗಳು ಇಲ್ಲಿ ಎಚ್ಚೆತ್ತು ದೇಹದ ಸಮತೋಲವನ್ನು ಕಾಯುತ್ತವೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಓಡುವುದು ಮಾತ್ರ ಅವಿವೇಕ. ಚಳಿಗಾಲದ ಬೆಳಗೇ ಇದಕ್ಕೆ ತಕ್ಕ ಕಾಲ.

ಆದರೆ ದೇಹದ ಲಾಭಕ್ಕಿಂತ ಹಿರಿದಾದ ಪಾಠವೊಂದಿದೆ. ಕಳೆದ ಚಳಿಗಾಲದಲ್ಲಿ ನಾವು ಇಬ್ಬರು ಅಧ್ಯಾಪಕರು ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಕನ್ಹೇರಿಯ ದಾರಿಯಲ್ಲಿ ಓಡಿದೆವು. ಬಿಸಿಲು ಚೆನ್ನಾಗಿ ಏರಿದ ಮೇಲೆಯೇ ಹೊರಟಿದ್ದೆವು. ನಮ್ಮಲ್ಲಿ ಅತ್ಯಂತ ವೇಗಿಯಾದ ಹುಡುಗನೊಬ್ಬನು ಎಲ್ಲರಿಗಿಂತ ಮುಂದಿದ್ದನು. ಇದ್ದಕ್ಕಿದ್ದಂತೆ ಮರದ ಮೇಲಿನ ಮುಸಿಯಗಳು ಗಂಟಲೊಡೆದು ಕೂಗಿದುವು. ಬಿದಿರುಮೆಳೆಯ ಆಚೆ ಚುಕ್ಕೆಯ ಜಿಂಕೆಯೊಂದು ತೀಕ್ಷ್ಣವಾಗಿ ಒದರಿತು. ಇವು ಹಿಂಸ್ರಪ್ರಾಣಿಯ ಸುಳಿವನ್ನು ಸಾರುವ ಎಚ್ಚರಿಕೆಯ ಕೂಗುಗಳೆಂದು ಹೊರಡುವ ಮುನ್ನ ಎಲ್ಲರಿಗೂ ತಿಳಿಸಿದ್ದೆವು. ಹುಡುಗನು ಅಲ್ಲಿಯೇ ನಿಂತನು. ಕೂಗಲಿಲ್ಲ, ಓಡಲಿಲ್ಲ, ಕೈಯೆತ್ತಿ ನಮಗೂ ಸನ್ನೆ ಮಾಡಿದನು. ನಾವೆಲ್ಲರೂ ಒಂದುಗೂಡಿ, ಸ್ವಲ್ಪ ಹೊತ್ತು ಕಾದು, ನಡೆದುಕೊಂಡು ಹಿಂದಿರುಗಿದೆವು. ಯಾವ ಪ್ರಾಣಿಯೂ ನಮಗೆ ಕಾಣಿಸಲಿಲ್ಲ.

ಮರಳುವಾಗ ಅವನ ಮುಖ ಬಾಡಿತ್ತು. "ಸರ್, ಇನ್ನು ಸ್ವಲ್ಪವೇ ದಾರಿಯಿತ್ತು. ಕನ್ಹೇರಿ ಮುಟ್ಟಿ ಬರುತ್ತೇನೆಂದು ತಮ್ಮನಿಗೆ ಹೇಳಿ ಬಂದಿದ್ದೆ" ಎಂದನು. ಅವನಿಗೆ ಅಂದು ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ಓಡುವುದನ್ನು ಯಾವ ಮೈದಾನವಾದರೂ ಕಲಿಸೀತು. ತಕ್ಕ ಗಳಿಗೆಯಲ್ಲಿ ನಿಲ್ಲುವುದನ್ನು ಕಲಿಸುವುದು ಕಾಡು. ಚಿರತೆಯ ಎದುರು ಬೆನ್ನು ತಿರುಗಿಸಿ ಓಡುವವನು ಅದರ ಬೆನ್ನಟ್ಟುವ ಸ್ವಭಾವವನ್ನೇ ಕೆರಳಿಸುತ್ತಾನೆ. ನೆಟ್ಟಗೆ ನಿಂತು, ಮುಖವನ್ನು ಅದರ ಕಡೆಗೇ ಇಟ್ಟು, ಮೆಲ್ಲನೆ ಹಿಂದೆ ಸರಿಯುವುದೇ ಕ್ಷೇಮ.

ಇಷ್ಟೊಂದು ಅಪಾಯವಿರುವಲ್ಲಿ ಮಕ್ಕಳನ್ನೇಕೆ ಕರೆದೊಯ್ಯಬೇಕೆಂದು ಪೋಷಕರು ಕೇಳುವುದು ಸಹಜ. 2004ರಲ್ಲಿ ಈ ಕಾಡಿನ ಅಂಚಿನಲ್ಲಿ ಚಿರತೆಗಳಿಂದ ಹಲವರು ಪ್ರಾಣ ಕಳೆದುಕೊಂಡುದನ್ನು ಯಾರೂ ಮರೆಯಬಾರದು. 2018ರಲ್ಲಿ ಕ್ಯಾಮೆರಾಗಳ ನೆರವಿನಿಂದ ನಡೆಸಿದ ಅಧ್ಯಯನದಲ್ಲಿ ಉದ್ಯಾನದಲ್ಲಿಯೂ ಅದರ ಸುತ್ತಮುತ್ತಲೂ 47 ಚಿರತೆಗಳು ಗುರುತಿಸಲ್ಪಟ್ಟವು. ಆದುದರಿಂದಲೇ ನಿಯಮಗಳು ಬೇಕು. ಮುಂಜಾವಿನ ಮತ್ತು ಸಂಜೆಯ ಮಬ್ಬು ಬೆಳಕಿನಲ್ಲಿ ಹೋಗಬಾರದು. ಒಂಟಿಯಾಗಿ ಹೋಗಬಾರದು. ಕಿವಿಗೆ ಹಾಡಿನ ಯಂತ್ರವನ್ನು ಸಿಕ್ಕಿಸಿಕೊಳ್ಳಬಾರದು. ಶಿಲೋಂಡಾದಂತಹ ಒಳದಾರಿಗಳಿಗೆ ಅನುಮತಿಯಿಲ್ಲದೆ, ಮಾರ್ಗದರ್ಶಕರಿಲ್ಲದೆ ಕಾಲಿಡಬಾರದು. ಈ ನಿಯಮಗಳನ್ನು ಪಾಲಿಸಲಾರದವನು ಮನೆಯಲ್ಲಿಯೇ ಇರುವುದು ಲೇಸು.

ಮನುಷ್ಯನು ಕಾಡಿಗೆ ಹೋಗದಿರುವುದೇ ಕಾಡಿಗೆ ಕ್ಷೇಮವಲ್ಲವೇ ಎಂಬುದು ಮತ್ತೊಂದು ಆಕ್ಷೇಪ. ಇದರಲ್ಲಿ ಅರ್ಧ ಸತ್ಯವುಂಟು. ಸಾವಿರಾರು ಮಂದಿ ಓಟಗಾರರು, ಧ್ವನಿವರ್ಧಕ, ನೀರಿನ ಪ್ಲಾಸ್ಟಿಕ್ ಬಾಟಲಿಗಳ ರಾಶಿ, ಇವುಗಳಿಂದ ಕೂಡಿದ ಪಂದ್ಯವನ್ನು ಕಾಡಿನ ನಡುವೆ ನಡೆಸುವುದನ್ನು ನಾನೂ ಒಪ್ಪೆನು. ಅಂತಹ ಓಟಕ್ಕೆ ನಗರದ ರಸ್ತೆಗಳಿವೆ; 2004ರಿಂದ ಮುಂಬಯಿ ಮ್ಯಾರಥಾನ್ ಆ ರಸ್ತೆಗಳಲ್ಲಿ ನಡೆದುಬಂದಿದೆ. ಆದರೆ ಕೆಲವೇ ಮಂದಿ, ಮೌನವಾಗಿ, ಗೊತ್ತಾದ ದಾರಿಯಲ್ಲಿ ಓಡಿ ಬಂದರೆ ಕಾಡಿಗೆ ಹಾನಿಗಿಂತ ಲಾಭವೇ ಹೆಚ್ಚು. ತಾನೆಂದೂ ಕಾಣದ ಮರಕ್ಕಾಗಿ ಯಾರು ತಾನೇ ಬಾಯಿ ತೆರೆದಾರು? ಉದ್ಯಾನಕ್ಕೆ ಹೊಂದಿಕೊಂಡಿರುವ ಆರೆಯಲ್ಲಿ ಮೆಟ್ರೊ ಗಾಡಿಗಳ ಡಿಪೋಗಾಗಿ 2019ರ ಅಕ್ಟೋಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದುವು. ಅಂದು ವಿರೋಧಿಸಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಕಾನೂನು ವಿದ್ಯಾರ್ಥಿಯೊಬ್ಬನ ಪತ್ರವನ್ನೇ ಅರ್ಜಿಯೆಂದು ಭಾವಿಸಿ ಸರ್ವೋಚ್ಚ ನ್ಯಾಯಾಲಯವು ವಿಚಾರಣೆ ನಡೆಸಿತು. ಡಿಪೋ ಅಲ್ಲಿಯೇ ಆಯಿತು. ಆದರೂ 2020ರಲ್ಲಿ ಆರೆಯ 800ಕ್ಕೂ ಹೆಚ್ಚು ಎಕರೆ ಭೂಮಿಯು ಮೀಸಲು ಅರಣ್ಯವೆಂದು ಘೋಷಿತವಾಯಿತು. ಮಾತನಾಡುವವರಿದ್ದುದರಿಂದಲೇ ಅಷ್ಟಾದರೂ ಉಳಿಯಿತು.

ಇನ್ನೊಂದು ಮಾತು. ಮರಾಠಿಗರು ಕಾರ್ವಿ ಎಂದು ಕರೆಯುವ ಪೊದೆಯು ಈ ಕಾಡಿನಲ್ಲಿ ಎಂಟು ವರ್ಷಕ್ಕೊಮ್ಮೆ ಮಾತ್ರ ಸಾಮೂಹಿಕವಾಗಿ ಹೂ ಬಿಡುತ್ತದೆ. 2016ರಲ್ಲಿ ಅರಳಿತು, ಮತ್ತೆ 2024ರಲ್ಲಿ ಅರಳಿತು. ಅದರ ಕಾಲವನ್ನು ನಮ್ಮ ಕೈಗಡಿಯಾರವು ಅಳೆಯಲಾರದು. ಅಂತಹ ಪೊದೆಗಳ ನಡುವೆ ಎರಡು ನಿಮಿಷ ಮೊದಲು ಗುರಿ ಮುಟ್ಟಿದೆನೆಂದು ಬೀಗುವುದರಲ್ಲಿ ಏನರ್ಥವಿದೆ?

ಮುಂದಿನ ತಿಂಗಳು ನಾವು ಮತ್ತೆ ಹೋದೆವು. ಅಂದು ಕನ್ಹೇರಿಯನ್ನು ತಲುಪಿದೆವು. ಆ ವೇಗದ ಹುಡುಗನು ಮೊದಲಿಗನಾಗಿ ಬರಲಿಲ್ಲ. ಏದುಸಿರು ಬಿಡುತ್ತ ಹಿಂದುಳಿದಿದ್ದ ಕಿರಿಯನೊಬ್ಬನ ಜೊತೆಯಲ್ಲಿ ಹೆಜ್ಜೆಯಿಡುತ್ತ ಎಲ್ಲರಿಗಿಂತ ಕೊನೆಯಲ್ಲಿ ಬಂದನು. ಅವನನ್ನು ನೋಡಿ ನನಗಾದ ಸಂತೋಷವು ಯಾವ ಕ್ರೀಡೋತ್ಸವದಲ್ಲಿಯೂ ಆದುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಚಳಿಗಾಲದಲ್ಲಿಯೂ ನಮ್ಮ ತಂಡವು ಹೊರಡಲಿದೆ. ಮನೆಯವರ ಒಪ್ಪಿಗೆಯನ್ನು ಪಡೆದು, ಗಟ್ಟಿಯಾದ ಬೂಟುಗಳನ್ನು ಧರಿಸಿ, ಕುಡಿಯುವ ನೀರನ್ನು ತಂದು ಬರತಕ್ಕದ್ದು. ಬಹುಮಾನವಿರುವುದಿಲ್ಲ.