ಅಳೆಯದ ಮಳೆಯೂ ಮಳೆಯೇ

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ತಪ್ಪಲಿನ ಹೊಳೆಗಳು ಬೆಳ್ತಂಗಡಿ ತಾಲೂಕಿನ ತೋಟಗಳ ಮೇಲೆ ಹರಿದವು. ಅಂತಹ ಮಳೆ ಎಲ್ಲೆಲ್ಲಿ ಎಷ್ಟೆಷ್ಟು ಸುರಿಯಿತೆಂದು ತಿಳಿಯುವುದು ಹೇಗೆ? ಮಳೆಮಾಪಕಗಳಿರುವ ಸ್ಥಳಗಳ ಅಂಕಿಗಳಿಂದ ನಡುವಣ ಊರುಗಳ ಮಳೆಯನ್ನು ಅಂದಾಜಿಸಿ ನಕ್ಷೆ ಸಿದ್ಧಪಡಿಸಲಾಗುತ್ತದೆ. ಹತ್ತಿರದ ಊರುಗಳ ಮಳೆ ಒಂದನ್ನೊಂದು ಹೋಲುತ್ತದೆ ಎಂಬುದೇ ಈ ಲೆಕ್ಕದ ಆಧಾರ.

ಬಯಲುಸೀಮೆಯಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಡೆದೀತು. ನಮ್ಮಲ್ಲಿ ಪಡುವಣ ಗಾಳಿಯು ಘಟ್ಟಕ್ಕೆ ತಡೆದು ಮೇಲೇರಿ ತಣಿಯುವುದರಿಂದ ಕೆಲವೇ ಮೈಲುಗಳಲ್ಲಿ ಮಳೆಯ ಪ್ರಮಾಣ ಬದಲಾಗುತ್ತದೆ. ಘಟ್ಟದ ಬುಡದ ಮಾಪಕ ನಿಂತ ದಿನ, ದೂರದ ಬಂಟ್ವಾಳ, ಮೂಡುಬಿದಿರೆಗಳ ಅಂಕಿಯಿಂದ ಆ ಜಾಗವನ್ನು ತುಂಬಿದರೆ ನಕ್ಷೆಯಲ್ಲಿ ಘಟ್ಟದ ಮಳೆ ಕುಗ್ಗುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಮಾಪಕ ಕೈಕೊಡುವ ಸಂಭವ ಹೆಚ್ಚಿರುವುದು ಜಡಿಮಳೆಯಲ್ಲೇ: ಕೊಳವೆಗೆ ಎಲೆ ಕಟ್ಟುತ್ತದೆ, ಮೋಡದಡಿ ಸೌರಫಲಕ ಸೋಲುತ್ತದೆ, ಸಂಪರ್ಕ ಕಡಿಯುತ್ತದೆ. ಹೆಚ್ಚು ಮಳೆಯ ದಿನಗಳೇ ದಾಖಲೆಯಿಂದ ಜಾರಿದಾಗ ಲೆಕ್ಕವು ಒಂದೇ ಬದಿಗೆ ವಾಲುತ್ತದೆ.

ಇದು ಕೇವಲ ಪಂಡಿತರ ಚಿಂತೆಯಲ್ಲ. ಅಡಿಕೆಯ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ಮಾಪಕದ ಅಂಕಿ. ಕೊಳೆರೋಗದಿಂದ ಉದುರಿದ ಕಾಯಿಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ.

ಆದುದರಿಂದ ದೊರೆಯದ ಅಂಕಿಯನ್ನು ಸೊನ್ನೆಯೆಂದು ಬರೆಯಕೂಡದು. ಅಂದಾಜಿನ ಅಂಕಿಗೆ ಪ್ರತ್ಯೇಕ ಗುರುತಿರಬೇಕು. ಮಾಪಕ ನಿಂತ ದಿನ, ಕಾರಣಗಳನ್ನು ಪಂಚಾಯತಿಯಲ್ಲಿ ಪ್ರಕಟಿಸಬೇಕು. ನಮ್ಮ ಹಲವು ಕೃಷಿಕರು ದಿನವೂ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ವಿದ್ಯಾರ್ಥಿಗಳು ಅವನ್ನು ಪ್ರತಿ ಮಾಡಿ ಪಂಚಾಯತಿಯ ಅಂಕಿಯೊಡನೆ ತಾಳೆ ನೋಡಲಿ. ಬರುವ ಮಳೆಗಾಲಕ್ಕೆ ಮೊದಲೇ ಈ ಕೆಲಸ ಆರಂಭವಾಗಲಿ.