ಗಿಡ ಬೆಂಗಳೂರಿನಲ್ಲಿ, ಮಾತು ಮಸಣದಲ್ಲಿ!

ಹಾಸನ ಜಿಲ್ಲೆಯ ಗಿಡ, ಮರ, ಬಳ್ಳಿಗಳ ಬಗ್ಗೆ 1976ರಲ್ಲಿ ಒಂದು ದಪ್ಪ ಪುಸ್ತಕ ಬಂತು. ಹೆಸರು ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’. ಪುಟ 900ಕ್ಕೂ ಮೇಲೆ. ಸಂಪಾದಿಸಿದವರು ಇಬ್ಬರು: ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದ ಪಾದ್ರಿ ಸಿಸಿಲ್ ಸಲ್ಡಾನಾ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್. ದೇಶದಲ್ಲಿ ಇಷ್ಟೊಂದು ಜಿಲ್ಲೆಗಳಿರುವಾಗ ಹಾಸನಕ್ಕೆ ಇಂಥ ಭಾಗ್ಯ ಬಂದದ್ದು ಸಣ್ಣ ಮಾತಲ್ಲ.

ಆದರೆ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಈ ಪುಸ್ತಕ ಗೊತ್ತೇನ್ರೀ?’ ಅಂತ ಕೇಳಿ ನೋಡಿ. ಹತ್ತು ಜನರಲ್ಲಿ ಒಬ್ಬರು ಹೌದು ಎಂದರೆ ಪುಣ್ಯ.

ಹಾಳೆಗೆ ಅಂಟಿದ ಗಿಡ

ಇಂಥ ಪುಸ್ತಕ ಕೂತಲ್ಲಿ ಬರೆಯುವುದಲ್ಲ. ಊರೂರು ಸುತ್ತಬೇಕು. ಹೂವೋ ಕಾಯೋ ಇರುವ ರೆಂಬೆ ಮುರಿದು ಹಳೇ ಪೇಪರಿನ ನಡುವೆ ಇಟ್ಟು, ಒತ್ತಿ ಒಣಗಿಸಬೇಕು. ಆಮೇಲೆ ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚಬೇಕು. ಯಾವ ಊರು, ಯಾವ ತಾರೀಖು, ಯಾರು ಕಿತ್ತದ್ದು, ಗಿಡ ಎಷ್ಟೆತ್ತರ, ಹೂವಿನ ಬಣ್ಣ ಯಾವುದು, ಎಲ್ಲವೂ ಆ ಚೀಟಿಯಲ್ಲಿ. ಹುಳ ತಿನ್ನದಂತೆ, ತೇವ ತಾಗದಂತೆ ನೋಡಿಕೊಂಡರೆ ಆ ಹಾಳೆ ಇನ್ನೂರು ವರ್ಷ ಬಾಳುತ್ತದೆ.

ಸಲ್ಡಾನಾ ಕಟ್ಟಿದ ಈ ಸಂಗ್ರಹ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹಾಸನದ ಗಿಡಗಳ ಜೋಡಿ ಹಾಳೆಗಳು ವಾಷಿಂಗ್ಟನ್ನಿನಲ್ಲೂ ಇವೆ. ಗಿಡ ಉಳಿಯಿತು. ಸಂತೋಷ.

ಆದರೆ ಗಿಡದ ಜೊತೆಗಿದ್ದ ಮಾತು? ಈ ಸೊಪ್ಪು ಯಾವ ತಿಂಗಳಲ್ಲಿ ಎಳೆಯದು, ಬಾಣಂತಿಗೆ ಕೊಡಬಹುದೇ, ಬರಗಾಲದಲ್ಲಿ ಯಾವ ಗೆಡ್ಡೆ ಬೇಯಿಸಿ ತಿಂದರು, ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಯಾವ ಎಲೆ ಅರೆದರು... ಇದನ್ನೆಲ್ಲ ಬಲ್ಲವರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿದ್ದಾರೆ. ಅವರ ಮಾತಿಗೆ ಹಾಳೆಯೂ ಇಲ್ಲ, ಚೀಟಿಯೂ ಇಲ್ಲ.

ಕಲ್ಲಿಗೆ ಸಿಕ್ಕ ಮರ್ಯಾದೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲೇ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು ಪರಿಷ್ಕರಿಸಿದರು. ಕಲ್ಲು ಸವೆದರೂ ಓದಲು ಪುಸ್ತಕವಿದೆ. ಎಚ್. ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದವರು. ಹಳ್ಳಿಯ ಹಾಡುಗಳನ್ನು ಟೇಪಿಗೆ ಹಿಡಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2019ರಿಂದ ಒಂದು ದಾಖಲೆ ಭಂಡಾರ ನಡೆಯುತ್ತಿದೆ. ವಿಜ್ಞಾನಿಗಳ ಬಾಯಿಮಾತಿನ ಚರಿತ್ರೆ ಅಲ್ಲಿ ಭದ್ರ.

ಕಲ್ಲಿಗೆ ಮರ್ಯಾದೆ ಸಿಕ್ಕಿತು, ಹಾಡಿಗೆ ಸಿಕ್ಕಿತು, ವಿಜ್ಞಾನಿಗೂ ಸಿಕ್ಕಿತು. ಅರಕಲಗೂಡು ಸಂತೆಯಲ್ಲಿ ಸೊಪ್ಪು ಗುಡ್ಡೆ ಹಾಕಿಕೊಂಡು ಕೂತ ಅಜ್ಜಿ ಮಾಡಿದ ಪಾಪವೇನು?

‘ಅಯ್ಯೋ, ಸೊಪ್ಪಿನ ಕತೆ ಯಾರ್ಗೆ ಬೇಕು ಸ್ವಾಮಿ’ ಅನ್ನುವವರು ಅರಿಶಿನದ ಕತೆ ಕೇಳಲಿ. ಗಾಯಕ್ಕೆ ಅರಿಶಿನ ಹಚ್ಚಿದರೆ ವಾಸಿಯಾಗುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದ ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದವರು ಪೇಟೆಂಟ್ ಪಡೆದರು! ನಮ್ಮ ದೇಶದ ವಿಜ್ಞಾನ ಮಂಡಳಿ ತಕರಾರು ಹೂಡಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆಲ್ಲಿಸಿದ್ದು ಏನು? ‘ನಮ್ಮಜ್ಜಿ ಹಚ್ಚುತ್ತಿದ್ದಳು’ ಎಂಬ ಮಾತಲ್ಲ. ಹಿಂದೆಯೇ ಬರೆದಿಟ್ಟಿದ್ದ ಕಾಗದ. ಅರಿಶಿನಕ್ಕೆ ಕಾಗದ ಇತ್ತು. ಹೊಲದ ಬದುವಿನ ಸೊಪ್ಪಿಗೆ ಎಲ್ಲಿದೆ?

ಅಂಗಡಿಯ ಗೊಂದಲ

ಗ್ರಂಧಿಗೆ ಅಂಗಡಿಯವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಗಿರಾಕಿ ಬಂದು ‘ಬ್ರಾಹ್ಮಿ ಕೊಡಿ’ ಅಂತಾನೆ. ಒಬ್ಬರಿಗೆ ಬ್ರಾಹ್ಮಿ ಎಂದರೆ ಒಂದೆಲಗ, ಇನ್ನೊಬ್ಬರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡ. ಬರೀ ಹೆಸರು ಬರೆದಿಟ್ಟರೆ ಮುಂದೆ ಓದುವವನು ತಪ್ಪು ಗಿಡ ಕೀಳುತ್ತಾನೆ. ಬರೀ ಗಿಡ ಒಣಗಿಸಿಟ್ಟರೆ ಅದು ಏತಕ್ಕೆ ಬರುತ್ತದೆಂದು ತಿಳಿಯುವುದಿಲ್ಲ. ಮಾತು, ಗಿಡ ಎರಡೂ ಒಂದೇ ನಂಬರಿನಡಿ ಜೋಡಿಯಾಗಿರಬೇಕು.

ಕಾಲ ಕಾಯುವುದಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ಆ ಪುಸ್ತಕ ಬಂದ ಮೂರು ವರ್ಷಕ್ಕೆ. ಹಿನ್ನೀರಿನಲ್ಲಿ ಊರುಗಳು ಹೋದವು, ತೋಪು ತೋಟ ಹೋದವು. ಅಂದು 20 ವರ್ಷವಾಗಿದ್ದವರು ಇಂದು 65 ದಾಟಿದ್ದಾರೆ. ಮುಳುಗಿದ ಊರಿನ ಬೇಲಿಯಲ್ಲಿ ಏನಿತ್ತು ಎಂದು ಹೇಳಬಲ್ಲವರು ಅವರು ಮಾತ್ರ. ಇತ್ತ ರಾಗಿ ಹೊಲಕ್ಕೆ ಕಳೆನಾಶಕ ಬಂತು. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಕಿತ್ತು ತಂದು ಬೆರಕೆ ಸೊಪ್ಪಿನ ಬಸ್ಸಾರು ಮಾಡುತ್ತಿದ್ದ ಮನೆಗಳ ಮಕ್ಕಳಿಗೆ ಇಂದು ಅವು ಬರೀ ಕಳೆ.

ಪಂಚಾಯಿತಿಯಲ್ಲಿ ಕೇಳಿ

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ, ಪಟ್ಟಣದ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರವರನ್ನು ಕೇಳಿ ಗಿಡ, ಪ್ರಾಣಿ, ಬಿತ್ತನೆ ತಳಿ, ಮದ್ದಿನ ಜ್ಞಾನವನ್ನೆಲ್ಲ ಬರೆದ ‘ಜನತಾ ಜೀವವೈವಿಧ್ಯ ದಾಖಲಾತಿ’ ಸಿದ್ಧವಾಗಬೇಕು. ಓದುಗರು ತಮ್ಮ ಪಂಚಾಯಿತಿಗೆ ಹೋಗಿ ‘ನಮ್ಮೂರಿನ ದಾಖಲಾತಿ ತೋರಿಸಿ’ ಅಂತ ಕೇಳಲಿ. ಅದರಲ್ಲಿ ಊರಿನ ಹಿರಿಯರ ಮಾತು ಇದೆಯೋ, ಪಕ್ಕದೂರಿನ ಪಟ್ಟಿಯನ್ನೇ ಇಳಿಸಿದ್ದಾರೋ ಕಣ್ಣಾರೆ ನೋಡಲಿ.

ಹಿಂದೆ ಟೇಪ್‌ರೆಕಾರ್ಡರಿಗೆ ಸಾವಿರಗಟ್ಟಲೆ ದುಡ್ಡು ಬೇಕಿತ್ತು. ಈಗ ಬಸ್ಸಿನಲ್ಲಿ ಕೂತ ಪ್ರತಿ ಹುಡುಗನ ಕೈಯಲ್ಲೂ ಮೊಬೈಲ್ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಕಾಲೇಜುಗಳಿವೆ. ಸಸ್ಯಶಾಸ್ತ್ರದವರು ಗಿಡ ಒತ್ತಲಿ, ಕನ್ನಡದವರು ಮಾತು ಹಿಡಿಯಲಿ. ಒಂದು ಪ್ರತಿ ಬೆಂಗಳೂರಿಗೆ ಹೋಗಲಿ, ಇನ್ನೊಂದು ಜಿಲ್ಲೆಯಲ್ಲೇ ಇರಲಿ.

ಒಂದು ಎಚ್ಚರಿಕೆ. ‘ಹೇಳಿದ್ರೆ ಮದ್ದು ಫಲಿಸಲ್ಲ’ ಎನ್ನುವ ನಾಟಿ ವೈದ್ಯರಿದ್ದಾರೆ. ಅವರ ಬಾಯಿ ಬಿಡಿಸಿ ಕದ್ದುಕೊಂಡು ಬರುವುದು ದಾಖಲೆಯಲ್ಲ, ಕಳ್ಳತನ. ಒಪ್ಪಿದಷ್ಟನ್ನೇ ಬರೆಯಬೇಕು, ಬೇಡವೆಂದದ್ದನ್ನು ಮುಚ್ಚಿಡಬೇಕು, ಹೇಳಿದವರ ಹೆಸರು ಅವರ ಇಚ್ಛೆಯಂತೆ ಇರಬೇಕು. ಗಿಡ ಕಿತ್ತವನ ಹೆಸರು ಹಾಳೆಯಲ್ಲಿ ಉಳಿಯುತ್ತದೆ ಎಂದ ಮೇಲೆ, ಗಿಡದ ಗುಣ ಹೇಳಿದವಳ ಹೆಸರು ಏಕೆ ಉಳಿಯಬಾರದು?

ಪಾದ್ರಿಯೊಬ್ಬರು ಬೆಂಗಳೂರಿನಿಂದ ಬಂದು ಈ ಜಿಲ್ಲೆಯ ಗಿಡ ಉಳಿಸಿದರು. ಮಾತು ಉಳಿಸಲು ಯಾರೂ ಹೊರಗಿನಿಂದ ಬರುವುದಿಲ್ಲ. ಅದು ಜಿಲ್ಲೆಯವರದೇ ಕೆಲಸ. ಮುಂದಿನ ವರ್ಷ ಮಾಡೋಣ ಎಂದರೆ, ಹೇಳುವ ಅಜ್ಜಿ ಅಷ್ಟರವರೆಗೆ ಇರಬೇಕಲ್ಲ?